ಪದ ಬೇಕು: 'ಸ್ಕ್ವೇರ್-ಫ್ರೀ' ಸಂಖ್ಯೆಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ನಾಳೆ ಬೆಳಿಗ್ಗೆ ಮಕ್ಕಳ ಗಣಿತ ಮೇಳ. ಫಲಕ ಇವತ್ತು ರಾತ್ರಿಯೇ ಪ್ರಿಂಟಿಗೆ ಹೋಗಬೇಕು. ಅದರಲ್ಲಿರುವ ಸಂಖ್ಯೆ 12345654321. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆ ಎಂದು ಹೇಳಿದ್ದಾನೆ. ಇದರ ವರ್ಗಮೂಲ 111111. ಅದನ್ನು ಬಿಡಿಸಿದರೆ 3 × 7 × 11 × 13 × 37. ಯಾವುದೂ ಎರಡು ಸಲ ಇಲ್ಲ, ಅಂದರೆ 4, 9ರಂಥ ಯಾವ ವರ್ಗಸಂಖ್ಯೆಯೂ 111111 ಅನ್ನು ಭಾಗಿಸುವುದಿಲ್ಲ. ಇಂಥ ಸಂಖ್ಯೆಯೇ 'ಸ್ಕ್ವೇರ್-ಫ್ರೀ'. ಅದಕ್ಕೆ 'ವರ್ಗಮುಕ್ತ' ಅಂತ ಹಾಕಿದ್ದೆ. ಏಳನೇ ಕ್ಲಾಸಿನ ಮಗಳು ಓದಿ, "ಮೊದಲು ವರ್ಗ ಇತ್ತಾ? ಯಾರು ತೆಗೆದ್ರು?" ಅಂದಳು. ಬೇರೆ ಪದ ಹೇಳಿ.

ಮರು:
ವರ್ಗ, ಮುಕ್ತ ಎರಡೂ ಸಂಸ್ಕೃತ. 'ಚೌಕವಿಲ್ಲದ ಎಣಿಕೆ' ಅನ್ನಿ. ಅಚ್ಚಗನ್ನಡ.

ಮರು:
ಚೌಕ ಅಚ್ಚಗನ್ನಡ ಅಲ್ಲ. ಸಂಸ್ಕೃತದ 'ಚತುಷ್ಕ' ಪ್ರಾಕೃತದಲ್ಲಿ ಸವೆದು ಬಂದದ್ದು. 'ಎಣಿಕೆ' ಎಣಿಸುವ ಕೆಲಸ, ಸಂಖ್ಯೆಯಲ್ಲ.

ಮಗಳು ಕೇಳಿದ್ದು ಸರಿ. ಸಾಲಮುಕ್ತ, ಪೋಲಿಯೋಮುಕ್ತ ಅನ್ನುವಾಗ ಅದು ಮೊದಲು ಇತ್ತು, ಈಗ ಹೋಯಿತು ಅಂತ ಅರ್ಥ. 'ಇಲ್ಲದ'ಕ್ಕೆ ಇನ್ನೊಂದು ತೊಡಕು. 1 ಕೂಡ ವರ್ಗವೇ ಅಲ್ವಾ? ಅದು ಎಲ್ಲ ಸಂಖ್ಯೆಯನ್ನೂ ಭಾಗಿಸುತ್ತದೆ. ಇಂಗ್ಲಿಷ್ ಪದದಲ್ಲೂ ಇದೇ ಕೊರತೆ. ಅದನ್ನು ನಾವು ಯಾಕೆ ಹೊತ್ತು ತರಬೇಕು?

ಸಂಖ್ಯೆಯನ್ನೇ ನೋಡಿ. 111111ರಲ್ಲಿ ಐದೂ ಒಂಟಿಯಾಗಿವೆ. ಇನ್ನು ಮೂರು ಒಂದು ಸೇರಿಸಿ, 111111111 ಮಾಡಿ. ಅಂಕಿಗಳ ಮೊತ್ತ 9, ಹಾಗಾಗಿ 9ರಿಂದ ಭಾಗವಾಗುತ್ತದೆ: 3 × 3 × 37 × 333667. ಇಲ್ಲಿ 3 ಜೋಡಿಯಾಗಿ ಬಂತು, ಗುಣ ಕೆಟ್ಟಿತು. 'ಒಂಟಿ ಅಪವರ್ತನಗಳ ಸಂಖ್ಯೆ' ಅನ್ನಿ.

ಮರು:
'ಅಪವರ್ತನ' ಯಾವ ಸೀಮೆಯ ಕನ್ನಡ? ಹೀಗೆ ಎರವಲು ತಂದೇ ಕನ್ನಡದ ಮಕ್ಕಳು ಗಣಿತಕ್ಕೆ ಹೆದರುತ್ತಾರೆ.

ಮರು:
ಅಪವರ್ತನ ಪಾಠಪುಸ್ತಕದಲ್ಲಿದೆ, ಮಕ್ಕಳ ಬಾಯಲ್ಲಿದೆ. ಸಾಕು. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದ. ಪುಸ್ತಕದ ಹೆಸರು 'ವ್ಯವಹಾರಗಣಿತ'. ಎರಡೂ ಪದ ಸಂಸ್ಕೃತದ್ದೇ. ಅದನ್ನೂ ಕನ್ನಡದಿಂದ ಹೊರಗೆ ಹಾಕುತ್ತೀರಾ? ಸುಮ್ನೆ ಪದದ ಜಾತಿ ಹುಡುಕಬೇಡಿ. ಮಗುವಿಗೆ ಅರ್ಥ ಸರಿಯಾಗಿ ತಲುಪುತ್ತಾ ನೋಡಿ.

ಮರು:
ಒಂಟಿ, ಜೋಡಿ ಎರಡನ್ನೂ ತೆಗೆದುಕೊಂಡೆ. ಮಗಳಿಗೆ ಓದಿಸಿದೆ. ತಾನೇ ಪೆನ್ಸಿಲ್ ಹಿಡಿದು ಎರಡು 3, ಎರಡು 7 ಅಂತ ಬರೆಯುತ್ತ ಹೋದಳು. ಫಲಕದಲ್ಲಿ ಇಷ್ಟೇ ಇದೆ:

111111: ಐದು ಅವಿಭಾಜ್ಯ ಅಪವರ್ತನ, ಐದೂ ಒಂಟಿ.
12345654321: ಅವೇ ಐದು, ಐದೂ ಜೋಡಿ.

ಪ್ರಿಂಟಿಗೆ ಕಳಿಸಿದೆ.