ನಾಲ್ಕು ಮಾತ್ರೆ ಒಟ್ಟಿಗೆ ಕೊಟ್ಟರೂ ಎಂಡಿಆರ್ ಟಿಬಿ ಹುಟ್ಟುವುದು ಹೇಗೆ?

ಪ್ರಶ್ನೆ

ಐಸೋನಿಯಾಜಿಡ್‌ಗೆ ಬಗ್ಗದ ಟಿಬಿ ಬ್ಯಾಕ್ಟೀರಿಯಾ ಸುಮಾರು 10 ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಬಗ್ಗದ್ದು 10 ಕೋಟಿಗೆ ಒಂದು ಎನ್ನುತ್ತಾರೆ. ಗುಣಿಸಿದರೆ ಎರಡಕ್ಕೂ ಬಗ್ಗದ್ದು ಕೋಟಿ ಕೋಟಿಗೆ ಒಂದು. ಶ್ವಾಸಕೋಶದ ಒಂದು ಕುಳಿಯಲ್ಲಿ ಇರುವುದೇ 100 ಕೋಟಿಯ ಆಸುಪಾಸು. ಮತ್ತೆ ಈ ಎರಡಕ್ಕೂ ಬಗ್ಗದ ಎಂಡಿಆರ್ (ಬಹುಔಷಧಿ ಪ್ರತಿರೋಧದ) ಟಿಬಿ ಎಲ್ಲಿಂದ ಬಂತು? ಪ್ಲಾಸ್ಮಿಡ್ (ಬ್ಯಾಕ್ಟೀರಿಯಾಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ಡಿಎನ್‌ಎ ತುಣುಕು) ಮೂಲಕವೇ?

ಉತ್ತರ 1

ಪ್ಲಾಸ್ಮಿಡ್ ಪಾತ್ರ ಇಲ್ಲ. ಟಿಬಿಯಲ್ಲಿ ಪ್ರತಿರೋಧವೆಲ್ಲ ಅದರದೇ ವರ್ಣತಂತುವಿನ ಮ್ಯುಟೇಶನ್‌ಗಳಿಂದ (ಜೀನಿನ ಬದಲಾವಣೆಗಳಿಂದ) ಬರುತ್ತದೆ. ಗುಣಾಕಾರ ಸರಿಯಿದೆ, ಆದರೆ ಎರಡೂ ಔಷಧಿ ಒಂದೇ ಹೊತ್ತಿಗೆ ಎಲ್ಲ ಬ್ಯಾಕ್ಟೀರಿಯಾಗಳ ಮೇಲೂ ಕೆಲಸ ಮಾಡುತ್ತಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ವಾಸ್ತವದಲ್ಲಿ ಪ್ರತಿರೋಧ ಒಂದೊಂದೇ ಮೆಟ್ಟಿಲಾಗಿ ಏರುತ್ತದೆ.

10 ಕೋಟಿ ಬ್ಯಾಕ್ಟೀರಿಯಾ ಇರುವ ಕುಳಿಯಲ್ಲಿ, ಮೊದಲ ಮಾತ್ರೆ ನುಂಗುವ ಮುಂಚೆಯೇ, ಐಸೋನಿಯಾಜಿಡ್‌ಗೆ ಬಗ್ಗದವು ನೂರರಷ್ಟು ಇರುತ್ತವೆ. ಔಷಧಿ ಉಳಿದವನ್ನು ಕೊಂದು ಇವುಗಳಿಗೆ ಜಾಗ ಮಾಡಿಕೊಡುತ್ತದೆ, ಅಷ್ಟೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಿಗಳು ಮೊದಲ ತಿಂಗಳುಗಳಲ್ಲಿ ಚೇತರಿಸಿಕೊಂಡು, ಮತ್ತೆ ಕೆಳಗಿಳಿದದ್ದು ಇದೇ ಕಾರಣಕ್ಕೆ.

ಸಾಮಾನ್ಯವಾಗಿ ಮೊದಲು ಕೈಕೊಡುವುದು ಐಸೋನಿಯಾಜಿಡ್. ಅದನ್ನು ಕೊಲ್ಲುವ ರೂಪಕ್ಕೆ ತರುವುದು ಬ್ಯಾಕ್ಟೀರಿಯಾದ್ದೇ ಕ್ಯಾಟ್‌ಜಿ ಕಿಣ್ವ. ಆ ಕಿಣ್ವದ 315ನೇ ಜಾಗದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಹೋಗಿ ಥ್ರಿಯೋನಿನ್ ಬಂದರೆ ಔಷಧಿ ಸಕ್ರಿಯವಾಗುವುದಿಲ್ಲ, ಕಿಣ್ವದ ಸ್ವಂತ ಕೆಲಸ ಮಾತ್ರ ಬಹುಪಾಲು ನಡೆಯುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾಗೆ ಬಲು ಅಗ್ಗದ ಮ್ಯುಟೇಶನ್ ಇದು.

ಈಗ ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ 6 ತಿಂಗಳ ಕೋರ್ಸ್ ನೋಡಿ: 2 ತಿಂಗಳು ನಾಲ್ಕು ಔಷಧಿ, ಆಮೇಲೆ 4 ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್ ಎರಡೇ. ಐಸೋನಿಯಾಜಿಡ್ ಮೊದಲೇ ಸತ್ತಿದ್ದರೆ ಮೂರನೇ ತಿಂಗಳಿಂದ ರಿಫಾಂಪಿಸಿನ್ ಒಂಟಿ. ಆಗ 10 ಕೋಟಿಗೊಂದು ಸಾಕು.

ಉತ್ತರ 2

ಐಸೋನಿಯಾಜಿಡ್ ಪ್ರತಿರೋಧ ಕಣ್ತಪ್ಪುವುದು ಪರೀಕ್ಷೆಯಲ್ಲೇ. ಕಫದ ಸಾಮಾನ್ಯ ಎಕ್ಸ್‌ಪರ್ಟ್ ಪರೀಕ್ಷೆ ಪ್ರತಿರೋಧಕ್ಕಾಗಿ ಆರ್‌ಪಿಒಬಿ ಜೀನಿನ (ರಿಫಾಂಪಿಸಿನ್‌ನ ಗುರಿ ಇದರದ್ದೇ) 81 ಅಕ್ಷರಗಳ ತುಣುಕನ್ನಷ್ಟೇ ನೋಡುತ್ತದೆ. 'ರಿಫಾಂಪಿಸಿನ್ ಪ್ರತಿರೋಧ ಇಲ್ಲ' ಎಂಬ ವರದಿ ಐಸೋನಿಯಾಜಿಡ್ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಲೈನ್ ಪ್ರೋಬ್ (ಹಲವು ಜೀನ್‌ಗಳ ಮ್ಯುಟೇಶನ್ ಹುಡುಕುವ ಪರೀಕ್ಷೆ) ಅಥವಾ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಥರದ ಬೇರೆ ಪರೀಕ್ಷೆ ಬೇಕು. ಲೈನ್ ಪ್ರೋಬ್ ವರದಿಯಲ್ಲಿ ಯಾವ ಜೀನ್ ಎಂಬುದನ್ನೂ ಓದಿ: ಇನ್‌ಎಚ್‌ಎ ಜೀನಿನ ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಭಾಗ) ಬದಲಾಗಿದ್ದರೆ ಪ್ರತಿರೋಧ ಕೆಳಮಟ್ಟದ್ದು, ಹೆಚ್ಚಿನ ಡೋಸಿನ ಐಸೋನಿಯಾಜಿಡ್ ಉಪಯೋಗಕ್ಕೆ ಬರಬಹುದು, ಆದರೆ ಎಥಿಯೋನಮೈಡ್ ಎಂಬ ಇನ್ನೊಂದು ಟಿಬಿ ಔಷಧಿ ಕೈತಪ್ಪಿತು. ಕ್ಯಾಟ್‌ಜಿ ಆದರೆ ಹೆಚ್ಚುಕಡಿಮೆ ಇದರ ತಿರುಗುಮುರುಗು.

ಪ್ರಶ್ನೆ (ಮುಂದುವರಿಕೆ)

ಕಫ ನೆಗೆಟಿವ್ ಆಗದಿದ್ದರೆ ಲೆವೊಫ್ಲಾಕ್ಸಾಸಿನ್ ಒಂದನ್ನು ಸೇರಿಸಿ ನೋಡಬಹುದೇ?

ಉತ್ತರ 3

ಖಂಡಿತ ಬೇಡ. ಸೋಲುತ್ತಿರುವ ಕೋರ್ಸಿಗೆ ಒಂದೇ ಹೊಸ ಔಷಧಿ ಸೇರಿಸುವುದೆಂದರೆ ಆ ಹೊಸದನ್ನು ಒಂಟಿಯಾಗಿ ಕೊಟ್ಟಂತೆ. ಲೆವೊಫ್ಲಾಕ್ಸಾಸಿನ್‌ನ ಗುರಿಯಾದ ಜೈರ್‌ಎ ಜೀನಿನ ಒಂದು ಮ್ಯುಟೇಶನ್ ಸಾಕು, ಎಂಡಿಆರ್ ಇರುವ ರೋಗಿ ಪ್ರೀ-ಎಕ್ಸ್‌ಡಿಆರ್ (ಎಂಡಿಆರ್ ಜೊತೆಗೆ ಲೆವೊಫ್ಲಾಕ್ಸಾಸಿನ್ ಗುಂಪಿಗೂ ಬಗ್ಗದ ಟಿಬಿ) ಆಗುತ್ತಾನೆ. ಮೊದಲು ಸಂವೇದನೆ ಪರೀಕ್ಷೆ, ಆಮೇಲೆ ಕೆಲಸ ಮಾಡುವ ಔಷಧಿಗಳ ಪೂರ್ತಿ ಹೊಸ ಕಟ್ಟು.

ಡೋಸ್ ತಪ್ಪಿಸದವರಲ್ಲೂ ಕುಳಿಯೊಳಗೆ ಔಷಧಿಗಳ ಅಸಮತೋಲನ ಇರುತ್ತದೆ. ರಕ್ತನಾಳವಿಲ್ಲದ ಕೊಳೆತ ಭಾಗಕ್ಕೆ ರಿಫಾಂಪಿಸಿನ್, ಪೈರಾಜಿನಮೈಡ್ ಚೆನ್ನಾಗಿ ಇಳಿಯುತ್ತವೆ, ಲೆವೊಫ್ಲಾಕ್ಸಾಸಿನ್ ಗುಂಪಿನ ಮಾಕ್ಸಿಫ್ಲಾಕ್ಸಾಸಿನ್ ಅಷ್ಟಾಗಿ ಇಳಿಯದು. ಎಂಡಿಆರ್‌ಗೆ ಕೊಡುವ ಬೆಡಾಕ್ವಿಲಿನ್‌ದು ಬೇರೆ ತಲೆನೋವು: ದೇಹದಿಂದ ಅರ್ಧದಷ್ಟು ಹೋಗಲು ಸುಮಾರು ಐದೂವರೆ ತಿಂಗಳು. ರೋಗಿ ನಡುವೆ ಎಲ್ಲವನ್ನೂ ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಖಾಲಿ, ಬೆಡಾಕ್ವಿಲಿನ್ ಮಾತ್ರ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿ ಉಳಿಯುತ್ತದೆ.

ಇನ್ನೊಂದು, ಎಂಡಿಆರ್ ಪ್ರತಿ ರೋಗಿಯಲ್ಲೂ ಹೊಸದಾಗಿ ಹುಟ್ಟಬೇಕಿಲ್ಲ. ಆರ್‌ಪಿಒಬಿ ಮ್ಯುಟೇಶನ್‌ನಿಂದ ಕುಂಟುವ ತಳಿ ಆರ್‌ಪಿಒಸಿ ಜೀನಿನಲ್ಲಿ ಇನ್ನೊಂದು ಬದಲಾವಣೆ ಮಾಡಿಕೊಂಡು ಚೇತರಿಸಿಕೊಳ್ಳಬಲ್ಲದು. ಅಂಥದ್ದು ಗಾಳಿಯಲ್ಲಿ ಹರಡಿದರೆ ಒಂದೂ ಟಿಬಿ ಮಾತ್ರೆ ನುಂಗದವರಿಗೂ ಎಂಡಿಆರ್ ತಗಲುತ್ತದೆ.