ತುಮಕೂರಲ್ಲಿ ‘ಆಚೆ’ ಅಂದ್ರೆ ಹೊರಗೆನಾ, ಆ ಕಡೆನಾ?

ಧಾರವಾಡದವ:
ಕೆಲಸದ ಮೇಲೆ ತುಮಕೂರಿಗೆ ಬಂದು ಬಾಡಿಗೆ ಮನೆಯಲ್ಲಿದ್ದೇನೆ. ಇಲ್ಲಿ ಎಲ್ಲದಕ್ಕೂ ‘ಆಚೆ’. ಓನರ್ ಆಂಟಿ ‘ಚಪ್ಪಲಿ ಆಚೆ ಬಿಡಪ್ಪ’ ಅಂತಾರೆ, ಅಂಕಲ್ ಎಲ್ಲಿ ಅಂದ್ರೆ ‘ಆಚೆ ಹೋಗವ್ರೆ’. ಮೊನ್ನೆ ಪಾರ್ಸಲ್ ಹುಡುಗ ಫೋನ್ ಮಾಡಿ ‘ಸಾರ್, ಕ್ಯಾತ್ಸಂದ್ರದಿಂದ ಆಚೇನಾ ಈಚೇನಾ’ ಅಂದ. ನಮ್ಮ ಕಡೆ ಹೊರಗ ಅಂದ್ರೆ ಹೊರಗ, ಆ ಕಡೆ ಅಂದ್ರೆ ಆ ಕಡೆ. ಇದಕ್ಕೇನಾದರೂ ಲೆಕ್ಕ ಇದೆಯಾ, ಸುಮ್ನೆ ಬಾಯಿಗೆ ಬಂದ ಹಾಗಾ?

ಗುಬ್ಬಿ ಹುಡುಗ:
ಲೆಕ್ಕ ಇದೆ ಗುರು. ಮಾತಾಡೋರ ಮನಸ್ಸಲ್ಲಿ ಒಂದು ಗೆರೆ ಇರುತ್ತೆ, ಹೊಸ್ತಿಲೋ ಕೆರೆ ಏರಿಯೋ ರೈಲ್ವೆ ಗೇಟೋ ಏನೋ ಒಂದು. ತಾವು ನಿಂತಿರೋ ಮಗ್ಗುಲು ಈಚೆ, ಇನ್ನೊಂದು ಮಗ್ಗುಲು ಆಚೆ. ಮನೆಯೊಳಗೆ ಇದ್ದಾಗ ಹೊಸ್ತಿಲೇ ಗೆರೆ, ಹಾಗಾಗಿ ಆಚೆ ಅಂದ್ರೆ ಹೊರಗೆ ಅಂತಲೇ ಕೂತುಬಿಟ್ಟಿದೆ. ಎಷ್ಟರ ಮಟ್ಟಿಗೆ ಅಂದ್ರೆ, ಅಂಗಳದಲ್ಲಿ ನಿಂತು ಒಳಗಿರೋರನ್ನ ಕರೆಯುವಾಗ ‘ಈಚೆ ಬಾ’ ಅನ್ನೋರೂ ಇದ್ದಾರೆ, ‘ಆಚೆ ಬಾ’ ಅನ್ನೋರೂ ಇದ್ದಾರೆ, ಬರಬೇಕಾದ ಬಾಗಿಲು ಮಾತ್ರ ಒಂದೇ!
ಪಾರ್ಸಲ್‌ನವನು ಟೌನಲ್ಲಿ ನಿಂತು ಕೇಳಿದ್ದರೆ ಕ್ಯಾತ್ಸಂದ್ರದಿಂದ ಆಚೆ ಅಂದ್ರೆ ಬೆಂಗಳೂರು ಕಡೆ. ದಾಬಸ್‌ಪೇಟೆಯಿಂದ ಬರ್ತಾ ಇದ್ದರೆ ಪೂರ್ತಿ ಉಲ್ಟಾ. ಮೊದಲು ‘ನೀನೆಲ್ಲಿದ್ದೀಯಪ್ಪ’ ಅಂತ ಕೇಳಿ.

ಮಾಲೂರು ಮಾತು:
ನಮ್ಮ ಕೋಲಾರದ ಕಡೆ ತೆಲುಗು ಜಾಸ್ತಿ ಅಲ್ವಾ, ಅದರಲ್ಲೂ ‘ಅವತಲ–ಇವತಲ’ ಅಂತ ಇದೇ ಜೋಡಿ ಇದೆ. ಆದರೆ ಹೊರಗೆ ಅನ್ನೋಕೆ ಅವರಿಗೆ ‘ಬಯಟ’ ಬೇರೆ ಇದೆ. ಅದೇ ಜನ ಕನ್ನಡಕ್ಕೆ ತಿರುಗಿದ ತಕ್ಷಣ ಎರಡಕ್ಕೂ ಆಚೆ.
ಕಾಲಕ್ಕೂ ಬರುತ್ತೆ. ‘ಎಂಟು ದಿನದಾಚೆ ಬಾ’ ಅಂದ್ರೆ ಎಂಟು ದಿನ ಕಳೆದ ಮೇಲೆ. ‘ಈಚೆಗೆ’ ಅಂದ್ರೆ ಹತ್ತಿರದ ದಿನಗಳಲ್ಲಿ, ಪೇಪರಿನವರ ‘ಇತ್ತೀಚೆಗೆ’ ಒಳಗೆ ಕೂತಿರೋದೂ ಈ ಈಚೆಯೇ.

ತಿಪಟೂರು ತೆಂಗು:
‘ಕೆಲಸದಿಂದ ಆಚೆ ಹಾಕಿದರು’, ‘ವಿಷಯ ಆಚೆ ಬಂತು’ ಇವನ್ನೂ ಸೇರಿಸಿಕೊಳ್ಳಿ. ಇನ್ನೊಂದು, ವಯಸ್ಸಾದವರ ಹತ್ತಿರ ‘ನಿಮ್ಮ ಸೊಸೆ ಹೊರಗಿದ್ದಾರಾ’ ಅಂತ ಕೇಳೋಕೆ ಹೋಗಬೇಡಿ. ಹೊರಗಾಗೋದು ಅಂದ್ರೆ ಹಳ್ಳಿ ಕಡೆ ಮುಟ್ಟಾಗೋದು. ಆ ಪದ್ಧತಿ ಹಾಳಾಗಲಿ, ಮಾತು ಮಾತ್ರ ಇನ್ನೂ ಉಳಿದಿದೆ.

ಧಾರವಾಡದವ:
ಹಂಗಾದ್ರ ‘ಆಚೆ ಮನೆಯೋರು’ ಅಂದ್ರ ಹೊರಗಿನ ಮಂದಿ ಅಂತನಾ?

ಗುಬ್ಬಿ ಹುಡುಗ:
ಅಲ್ಲ ಮಾರಾಯ, ಪಕ್ಕದ ಮನೆಯವರು. ಅಲ್ಲಿ ಗೋಡೆ ಗೆರೆ.