ಆ ಐದು ಲಕ್ಷ ಕೋಟಿ ಡಾಲರ್ ಎಲ್ಲಿದೆ?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಭಾನುವಾರ ನಡೆದ ವಾದ ಇದು. ಚಿಕ್ಕಮ್ಮ ಕೇಳಿದ ಒಂದು ಸರಳ ಪ್ರಶ್ನೆಗೆ ಉತ್ತರ ಕೊಡಲು ನಾವು ಎಷ್ಟು ಹೊತ್ತು ತೆಗೆದುಕೊಂಡೆವು ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ. ಆದ್ದರಿಂದ ಮಾತುಗಳನ್ನು ಬಂದ ಕ್ರಮದಲ್ಲೇ ಇಟ್ಟಿದ್ದೇನೆ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): ಎನ್‌ವಿಡಿಯಾ ಎಂಬ ಒಂದೇ ಕಂಪನಿಯ ಬಳಿ ಈಗ 5 ಲಕ್ಷ ಕೋಟಿ ಡಾಲರ್ ಹಣವಿದೆ! ಬಹುತೇಕ ಎಲ್ಲ ದೇಶಗಳ ವಾರ್ಷಿಕ ಆದಾಯಕ್ಕಿಂತ ಇದು ಹೆಚ್ಚು! ಆಪಲ್, ಮೈಕ್ರೋಸಾಫ್ಟ್, ಗೂಗಲ್ ಮೂರೂ ಸೋತಿವೆ. ಫೋನು ಮಾಡುವವರ ಕಾಲ ಮುಗಿಯಿತು, ಚಿಪ್ ಮಾಡುವವರ ಕಾಲ ಬಂದಿತು. ಉಳಿತಾಯವಿರುವವರು ಈಗಲೇ ಎಚ್ಚೆತ್ತುಕೊಳ್ಳಿ. ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ನಾನು ಎಷ್ಟೋ ವರ್ಷಗಳಿಂದ ಹೇಳುತ್ತಿರುವುದನ್ನೇ ಯಾರೋ ಪುಣ್ಯಾತ್ಮರು ಬರೆದಿದ್ದಾರೆ. ಇಷ್ಟೊಂದು ಸಂಪತ್ತು ಒಬ್ಬರ ಕೈಯಲ್ಲಿ ಸೇರುವುದು ಲೋಕಕ್ಕೆ ಕ್ಷೇಮವಲ್ಲ. ಎಲ್ಲರೂ ಓದಿ ಯೋಚಿಸಬೇಕು.

ಭಾವ: ದೊಡ್ಡಮಾವ, ಇದರ ಮೂಲ ಯಾವುದು? ಯಾರು ಬರೆದದ್ದು, ಯಾವ ದಿನದ ಲೆಕ್ಕ, ಎಲ್ಲಿ ಪ್ರಕಟವಾದದ್ದು ಎಂಬ ಮೂರರಲ್ಲಿ ಒಂದೂ ಇಲ್ಲ.

ಚಿಕ್ಕಮ್ಮ: ಹಣವಿದೆ ಎಂದರೆ ಬ್ಯಾಂಕಿನಲ್ಲಿ ಇದೆಯೆಂದು ಅರ್ಥವೇ? ಷೇರಿನ ಬೆಲೆ ಏರಿದಾಗ ಆ ಹೆಚ್ಚಿನ ಹಣ ಕಂಪನಿಯ ಕೈಗೆ ಹೋಗುತ್ತದೆಯೇ? ನನ್ನದೂ ಸ್ವಲ್ಪ ಉಳಿತಾಯವಿದೆ, ಅದಕ್ಕಾಗಿ ಕೇಳುತ್ತಿದ್ದೇನೆ.

ದೊಡ್ಡಪ್ಪ: ಅಳಿಯಂದಿರೇ, ಮೂಲವನ್ನು ಕೇಳುವ ಮೊದಲು ವಿಷಯವನ್ನು ನೋಡಿ. ಹಿರಿಯರು ಏನು ಕಳುಹಿಸಿದರೂ ನೀವು ಮೊದಲು ಕೇಳುವುದು ಮೂಲವನ್ನೇ.

ಭಾವ: ವಿಷಯವನ್ನು ನೋಡಿಯೇ ಕೇಳಿದೆ. 2025ರ ಅಕ್ಟೋಬರ್ 29ರಂದು ಎನ್‌ವಿಡಿಯಾದ ಮಾರುಕಟ್ಟೆ ಮೌಲ್ಯ 5 ಲಕ್ಷ ಕೋಟಿ ಡಾಲರ್ ದಾಟಿದ್ದು ನಿಜ, ಆ ಮಟ್ಟ ಮುಟ್ಟಿದ ಮೊದಲ ಕಂಪನಿ ಅದು. ಆದರೆ ಸಂದೇಶದಲ್ಲಿ ‘ಮೌಲ್ಯ’ ಎಂಬ ಪದವೇ ಇಲ್ಲ, ‘ಹಣವಿದೆ’ ಎಂದಿದೆ. ದೇಶಗಳ ಆದಾಯದೊಂದಿಗೆ ಮಾಡಿರುವ ಹೋಲಿಕೆಯೂ ತಪ್ಪು. ದೇಶದ ಆದಾಯವೆಂದರೆ ಒಂದು ವರ್ಷದಲ್ಲಿ ಅಲ್ಲಿ ಉತ್ಪತ್ತಿಯಾದದ್ದು. ಮಾರುಕಟ್ಟೆ ಮೌಲ್ಯವೆಂದರೆ ಒಂದು ಕಂಪನಿಯ ಮುಂದಿನ ಎಲ್ಲ ವರ್ಷಗಳ ಗಳಿಕೆಯ ಬಗ್ಗೆ ಜನ ಇಟ್ಟಿರುವ ನಿರೀಕ್ಷೆಗೆ ಇವತ್ತು ಕಟ್ಟಿದ ಬೆಲೆ. ಕಂಪನಿಯ ಕಡೆಯಿಂದ ವರ್ಷದ ಅಂಕಿಯೇ ಬೇಕೆಂದರೆ ಅದರ ಆದಾಯವನ್ನು ತೆಗೆದುಕೊಳ್ಳಬೇಕು, 2025ರ ಜನವರಿಗೆ ಮುಗಿದ ವರ್ಷದಲ್ಲಿ ಅದು 13,050 ಕೋಟಿ ಡಾಲರ್ ಇತ್ತು.

ಅಣ್ಣ: ‘ಫೋನು ಮಾಡುವವರ ಕಾಲ ಮುಗಿಯಿತು’ ಎಂಬ ಸಾಲು ಓದಿದಾಗ ನನಗೆ ನನ್ನ ಹಳೆಯ ನೋಕಿಯಾ ನೆನಪಾಯಿತು. ಗುಂಡಿಗಳನ್ನು ನೋಡದೆಯೇ ಸಂದೇಶ ಬರೆಯುತ್ತಿದ್ದೆ. ಕೈಜಾರಿ ಎಷ್ಟು ಸಲ ಬಿದ್ದರೂ ಅದು ಕೆಡಲಿಲ್ಲ. 2007ರಲ್ಲಿ ಜಗತ್ತಿನಲ್ಲಿ ಮಾರಾಟವಾಗುತ್ತಿದ್ದ ಹತ್ತು ಮೊಬೈಲುಗಳಲ್ಲಿ ಸುಮಾರು ನಾಲ್ಕು ನೋಕಿಯಾದವೇ ಆಗಿದ್ದವು. ಅದೇ ವರ್ಷ ಜನವರಿಯಲ್ಲಿ ಐಫೋನ್ ಘೋಷಣೆಯಾದಾಗ, ಗುಂಡಿಗಳಿಲ್ಲದ ಫೋನನ್ನು ಯಾರೂ ಕೊಳ್ಳುವುದಿಲ್ಲ ಎಂದು ಭಾವನವರು ಎಲ್ಲರ ಎದುರು ಸಾಧಿಸಿದ್ದರು. ಆಗ ಅವರನ್ನು ಯಾರೂ ಮೂಲ ಕೇಳಲಿಲ್ಲ.

ಭಾವ: ನಾನು ಹೇಳಿದ್ದು ಕಚೇರಿ ಕೆಲಸದವರು ಕೊಳ್ಳುವುದಿಲ್ಲ ಎಂದು. ನನ್ನ ಮಾತನ್ನು ಅರ್ಧ ಕತ್ತರಿಸಿ ಹೇಳುವ ಅಭ್ಯಾಸ ನಿಮಗೆ ಅಂದಿನಿಂದಲೂ ಇದೆ.

ಅಕ್ಕ: ಫೋನಿನ ಮಾತು ಹಾಗಿರಲಿ. 2013ರಲ್ಲಿ ಒಂದು ಹಳೆಯ ಸಾಫ್ಟ್‌ವೇರ್ ಕಂಪನಿ ಇನ್ನು ಮೇಲೇಳುವುದಿಲ್ಲ ಎಂದು ಹೇಳಿ ಇವರು ನನ್ನ ಷೇರುಗಳನ್ನು ಮಾರಿಸಿದರು. ಅದು ಆಮೇಲೆ ಎಷ್ಟು ಪಟ್ಟು ಏರಿತು ಎಂದು ಲೆಕ್ಕ ಹಾಕುವುದನ್ನೇ ನಾನು ಬಿಟ್ಟಿದ್ದೇನೆ.

ಭಾವ: ಆ ವಿಷಯವನ್ನು ಗುಂಪಿನಲ್ಲಿ ತರಬೇಕಾಗಿತ್ತೇ?

ಅಕ್ಕ: ಚಿಕ್ಕಮ್ಮ ಉಳಿತಾಯದ ಮಾತೆತ್ತಿದ್ದರಿಂದ ತಂದೆ. ಅವರೂ ಹಾಗೆ ಕಳೆದುಕೊಳ್ಳಬಾರದು.

ದೊಡ್ಡಪ್ಪ: ಮನೆಯ ಮಾತನ್ನು ಬಿಡಿ. ನನ್ನ ನಿಲುವು ಸ್ಪಷ್ಟವಾಗಿದೆ. ಕೈಯಲ್ಲಿ ಹಿಡಿಯಬಹುದಾದ ವಸ್ತುವನ್ನು ಮಾಡುವವನಿಗೆ ಮೌಲ್ಯ ಸಲ್ಲಬೇಕು. ಆ ದೃಷ್ಟಿಯಿಂದ ಚಿಪ್ ಮಾಡುವ ಕಂಪನಿ ಮೇಲೆ ಬಂದದ್ದು ಒಂದು ವಿಧದಲ್ಲಿ ನ್ಯಾಯವೇ. ಜಾಹೀರಾತು ತೋರಿಸಿ ಬದುಕುವ ಗೂಗಲ್ ಯಾವ ವಸ್ತುವನ್ನು ಮಾಡುತ್ತದೆ?

ನಾನು: ದೊಡ್ಡಪ್ಪ, ಎನ್‌ವಿಡಿಯಾ ತನ್ನ ಚಿಪ್‌ಗಳನ್ನು ತಾನು ತಯಾರಿಸುವುದಿಲ್ಲ. ಅವುಗಳ ವಿನ್ಯಾಸ ಮತ್ತು ಅವು ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್ ಅದರದ್ದು. ಚಿಪ್ ರೂಪುಗೊಳ್ಳುವುದು ಮುಖ್ಯವಾಗಿ ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಗಳಲ್ಲಿ. ಐಫೋನಿನ ಒಳಗಿನ ಮುಖ್ಯ ಚಿಪ್ ತಯಾರಾಗುವುದೂ ಅದೇ ಕಂಪನಿಯಲ್ಲಿ. ಹಾಗಾಗಿ ಫೋನಿನವರು ಸೋತರು, ಚಿಪ್‌ನವರು ಗೆದ್ದರು ಎಂಬ ಸಾಲಿನಲ್ಲಿ ಎರಡು ಬಣಗಳಾಗಿ ಕಾಣುವವರು ಒಂದೇ ಕಾರ್ಖಾನೆಯ ಬಾಗಿಲಲ್ಲಿ ಸರದಿಗೆ ನಿಂತಿರುವವರು.

ದೊಡ್ಡಪ್ಪ: ಇದು ನನಗೆ ಗೊತ್ತಿರಲಿಲ್ಲ ಮಗಳೇ. ಆದರೂ ಸ್ಪರ್ಧೆ ಸ್ಪರ್ಧೆಯೇ. ಒಬ್ಬನು ಮೇಲೇರಿದರೆ ಇನ್ನೊಬ್ಬನು ಇಳಿದಿರಲೇಬೇಕು.

ನಾನು: ಅಲ್ಲಿಯೇ ಸಂದೇಶ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು. ಈ ಕಂಪನಿಗಳು ಎದುರಾಳಿಗಳಾಗಿರುವಷ್ಟೇ ಒಬ್ಬರಿಗೊಬ್ಬರು ಗ್ರಾಹಕರೂ ಆಗಿದ್ದಾರೆ. ಐಫೋನಿನ ಬ್ರೌಸರಿನಲ್ಲಿ ತನ್ನ ಹುಡುಕಾಟವೇ ಮೊದಲು ತೆರೆದುಕೊಳ್ಳಲಿ ಎಂದು ಗೂಗಲ್ 2022ರಲ್ಲಿ ಆಪಲ್‌ಗೆ ಸುಮಾರು 2,000 ಕೋಟಿ ಡಾಲರ್ ಕೊಟ್ಟಿತು, ಇದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಂದ ಅಂಕಿ. ಕೃತಕ ಬುದ್ಧಿಮತ್ತೆಗೆ ಬೇಕಾದ ಎನ್‌ವಿಡಿಯಾದ ಚಿಪ್‌ಗಳನ್ನು ರಾಶಿ ರಾಶಿಯಾಗಿ ಕೊಳ್ಳುತ್ತಿರುವವರಲ್ಲಿ ಮೈಕ್ರೋಸಾಫ್ಟ್, ಗೂಗಲ್, ಅಮೆಜಾನ್, ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಮುಂಚೂಣಿಯಲ್ಲಿವೆ. ಇವರು ಖರ್ಚು ಮಾಡಿದ್ದೇ ಎನ್‌ವಿಡಿಯಾದ ಆದಾಯ. ಇವರ ಗಳಿಕೆ ಕುಸಿದು ಖರ್ಚು ನಿಂತರೆ ಮೊದಲು ಪೆಟ್ಟು ಬೀಳುವುದು ‘ಗೆದ್ದ’ ಕಂಪನಿಗೇ.

ಅಣ್ಣ: 1997ರ ಆಗಸ್ಟಿನಲ್ಲಿ ಆಪಲ್ ಕಷ್ಟದಲ್ಲಿದ್ದಾಗ ಮೈಕ್ರೋಸಾಫ್ಟ್ ಅದರಲ್ಲಿ 15 ಕೋಟಿ ಡಾಲರ್ ಹೂಡಿದ್ದೂ ಹೀಗೆಯೇ ಅಲ್ಲವೇ? ಆಗ ನಾನು ವಿದ್ಯಾರ್ಥಿ. ಶತ್ರುವಿನ ಕೈಯಿಂದ ಹಣ ಪಡೆದರೆಂದು ನಮ್ಮ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲಾ ಜಗಳವಾಗಿತ್ತು. 2010ರ ಮೇ ತಿಂಗಳಲ್ಲಿ ಆಪಲ್‌ನ ಮೌಲ್ಯ ಮೈಕ್ರೋಸಾಫ್ಟನ್ನು ದಾಟಿದ ದಿನ ಆ ಗೆಳೆಯರೆಲ್ಲರಿಗೂ ನಾನು ಕರೆ ಮಾಡಿದ್ದೆ. ಆ ದಿನಗಳ ಸಂತೋಷವೇ ಬೇರೆ.

ಭಾವ: 2018ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಮತ್ತೆ ಮುಂದೆ ಹೋದಾಗ ಯಾರಿಗೂ ಕರೆ ಮಾಡಿದಂತೆ ಕಾಣಲಿಲ್ಲ.

ಅಣ್ಣ: ನಿಮ್ಮ ಪ್ರೀತಿಯ ಮೈಕ್ರೋಸಾಫ್ಟ್ ನನ್ನ ನೋಕಿಯಾದ ಫೋನ್ ವ್ಯವಹಾರವನ್ನು ಏನು ಮಾಡಿತೆಂದು ಹೇಳಲೇ? 2013ರಲ್ಲಿ 544 ಕೋಟಿ ಯೂರೋಗಳಿಗೆ ಒಪ್ಪಂದ ಮಾಡಿಕೊಂಡಿತು, 2015ರ ಜುಲೈನಲ್ಲಿ 760 ಕೋಟಿ ಡಾಲರ್ ನಷ್ಟವೆಂದು ಬರೆದುಹಾಕಿತು.

ಭಾವ: ಅದು ನನ್ನ ಪ್ರೀತಿಯ ಕಂಪನಿಯಲ್ಲ. ಆದರೆ ಆ ನಷ್ಟವನ್ನು ತಡೆದುಕೊಳ್ಳುವ ಶಕ್ತಿ ಅದಕ್ಕೆ ಎಲ್ಲಿಂದ ಬಂತೆಂದು ಯೋಚಿಸಿ. ಕಚೇರಿಗಳು ವರ್ಷವರ್ಷವೂ ಕಟ್ಟುವ ಸಾಫ್ಟ್‌ವೇರ್ ಶುಲ್ಕ ಮತ್ತು ದೂರದ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಅಜೂರ್ ಸೇವೆ ಅದರ ಬೆನ್ನೆಲುಬು. ಒಮ್ಮೆ ಒಂದು ಸಂಸ್ಥೆಯ ಎಲ್ಲ ಕಡತಗಳೂ ಅಲ್ಲಿ ಸೇರಿದ ಮೇಲೆ ಬೇರೆಡೆಗೆ ಹೋಗುವುದು ಬಹಳ ಕಷ್ಟ. ಫೋನ್ ಮಾರುವವನು ಪ್ರತಿ ಸಲವೂ ಹೊಸದಾಗಿ ಗ್ರಾಹಕನ ಮನವೊಲಿಸಬೇಕು.

ನಾನು: ಈ ಮಾತು ಭಾವ ಮೊದಲೇ ಹೇಳಬೇಕಿತ್ತು. ಎಷ್ಟು ದೊಡ್ಡದು ಎಂಬುದಕ್ಕಿಂತ ಯಾರು, ಯಾವುದಕ್ಕಾಗಿ, ಎಷ್ಟು ಸಲ ಹಣ ಕೊಡುತ್ತಾರೆ ಎಂಬುದರಲ್ಲಿ ಇವುಗಳ ವ್ಯತ್ಯಾಸವಿದೆ. 2024ರಲ್ಲಿ ಅಮೆಜಾನಿನ ಒಟ್ಟು ಆದಾಯ 63,800 ಕೋಟಿ ಡಾಲರ್, ಅದರಲ್ಲಿ ಸರ್ವರ್ ಬಾಡಿಗೆಯ ಎಡಬ್ಲ್ಯೂಎಸ್ ವಿಭಾಗದ ಪಾಲು ಸುಮಾರು ಆರರಲ್ಲಿ ಒಂದು. ಆದರೆ ಕಾರ್ಯಾಚರಣೆಯ ಲಾಭದಲ್ಲಿ (ಬಡ್ಡಿ, ತೆರಿಗೆ ಕಳೆಯುವ ಮೊದಲು ವ್ಯವಹಾರದಿಂದ ಉಳಿದದ್ದರಲ್ಲಿ) ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ವಿಭಾಗದಿಂದಲೇ. ನಾವು ಅಂಗಡಿ ಎಂದು ತಿಳಿದಿರುವ ಕಂಪನಿಯ ಲಾಭ ಅಂಗಡಿಯ ಹಿಂದಿನ ಕೋಣೆಯಲ್ಲಿದೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ ಅದೇ ವರ್ಷ 35,000 ಕೋಟಿ ಡಾಲರ್ ಆದಾಯ ಪಡೆಯಿತು, ಅದರಲ್ಲಿ ಮುಕ್ಕಾಲು ಭಾಗ ಜಾಹೀರಾತಿನದು. ಆದಾಯದಲ್ಲಿ ಅಮೆಜಾನಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿದ್ದರೂ ನಿವ್ವಳ ಲಾಭದಲ್ಲಿ ಅದು ಬಹಳ ಮುಂದೆ ಇತ್ತು: ಆಲ್ಫಾಬೆಟ್‌ಗೆ 10,010 ಕೋಟಿ, ಅಮೆಜಾನಿಗೆ 5,920 ಕೋಟಿ. ಆಪಲ್‌ಗೆ 2024ರ ಹಣಕಾಸು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಆದಾಯ ಐಫೋನಿನಿಂದಲೇ ಬಂತು, ನಿವ್ವಳ ಲಾಭ 9,370 ಕೋಟಿ ಡಾಲರ್. ಇದನ್ನು ಮುಗಿದ ಕಾಲವೆಂದು ಕರೆಯುವುದು ಹೇಗೆ?

ದೊಡ್ಡಪ್ಪ: ಲಾಭ ಹೆಚ್ಚೆಂದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿಯಾಗುವುದಿಲ್ಲ. ನನ್ನ ಮೊದಲ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಶಕ್ತಿ ಒಂದೇ ಕಡೆ ಸೇರುವುದು ಕ್ಷೇಮವೇ?

ಭಾವ: ಆ ಮಾತಿನಲ್ಲಿ ನಾನು ನಿಮ್ಮ ಪರವಾಗಿದ್ದೇನೆ ದೊಡ್ಡಮಾವ. 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಧೀಶರೊಬ್ಬರು, ಹುಡುಕಾಟದಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಉಳಿಸಿಕೊಂಡಿದೆ ಎಂದು ತೀರ್ಪು ಕೊಟ್ಟರು. ಆಪಲ್‌ಗೆ ಕೊಡುತ್ತಿದ್ದ ಆ ಹಣವೇ ಅಲ್ಲಿ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಗಿತ್ತು. ನಿಮ್ಮ ಆತಂಕ ಸರಿಯಾದದ್ದು, ಅದಕ್ಕೆ ನೀವು ಆರಿಸಿಕೊಂಡ ಸಂದೇಶ ಸರಿಯಿಲ್ಲ.

ದೊಡ್ಡಪ್ಪ: ಇಷ್ಟನ್ನು ಬೆಳಿಗ್ಗೆಯೇ ಹೇಳಿದ್ದರೆ ಆಗುತ್ತಿತ್ತು.

ಚಿಕ್ಕಮ್ಮ: ನಾನು ಬೆಳಿಗ್ಗೆ ಕೇಳಿದ್ದಕ್ಕೂ ಇನ್ನೂ ಯಾರೂ ಹೇಳಿಲ್ಲ. ಬೆಲೆ ಏರಿದರೆ ಹಣ ಕಂಪನಿಗೆ ಹೋಗುತ್ತದೆಯೋ ಇಲ್ಲವೋ?

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾಲ್ಕು ಗಂಟೆಗಳಿಂದ ಅವರು ಕಾದಿದ್ದರು.

ನಾನು: ಹೋಗುವುದಿಲ್ಲ ಚಿಕ್ಕಮ್ಮ. ಎನ್‌ವಿಡಿಯಾ 1999ರ ಜನವರಿಯಲ್ಲಿ ಷೇರುಪೇಟೆಗೆ ಬಂದಾಗ ಒಂದಕ್ಕೆ 12 ಡಾಲರಿನಂತೆ 35 ಲಕ್ಷ ಷೇರುಗಳು ಮಾರಾಟವಾದವು, ಅಂದರೆ ಸುಮಾರು 4.2 ಕೋಟಿ ಡಾಲರ್ ವಹಿವಾಟು. ಆಮೇಲಿನ ದಿನನಿತ್ಯದ ಕೊಡುಕೊಳ್ಳುವಿಕೆಯೆಲ್ಲ ಷೇರು ಇಟ್ಟುಕೊಂಡವರ ಮತ್ತು ಕೊಳ್ಳುವವರ ನಡುವೆ ನಡೆಯುವಂಥದ್ದು. ಈಗ ಸುಮಾರು 2,430 ಕೋಟಿ ಷೇರುಗಳಿವೆ. ಅಕ್ಟೋಬರಿನ ಆ ದಿನ ಕೊನೆಯದಾಗಿ ಕೈಬದಲಾದ ಷೇರಿನ ಬೆಲೆ 207 ಡಾಲರ್. ಎರಡನ್ನೂ ಗುಣಿಸಿದರೆ 5 ಲಕ್ಷ ಕೋಟಿ ಬರುತ್ತದೆ. ಅಷ್ಟು ಹಣ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಆ ಬೆಲೆಯೂ ಸಿಗುವುದಿಲ್ಲ. 2025ರ ಜನವರಿ 27ರಂದು, ಚೀನಾದ ಡೀಪ್‌ಸೀಕ್ ಎಂಬ ಕಂಪನಿ ಕಡಿಮೆ ಖರ್ಚಿನಲ್ಲಿ ಕೃತಕ ಬುದ್ಧಿಮತ್ತೆಯ ಮಾದರಿಯನ್ನು ತಯಾರಿಸಿದೆ ಎಂಬ ಸುದ್ದಿಗೆ, ಇನ್ನು ಇಷ್ಟು ಚಿಪ್‌ಗಳು ಬೇಕಾಗಲಿಕ್ಕಿಲ್ಲ ಎಂಬ ಭಯದಿಂದ ಎನ್‌ವಿಡಿಯಾದ ಮೌಲ್ಯ ಒಂದೇ ದಿನದಲ್ಲಿ 17 ಶೇಕಡಾ, ಅಂದರೆ ಸುಮಾರು 59,000 ಕೋಟಿ ಡಾಲರ್ ಇಳಿಯಿತು. ಆ ಇಳಿತದಿಂದಾಗಿ ಅದರ ಖಾತೆಯಿಂದ ಒಂದು ಡಾಲರೂ ಹೊರಗೆ ಹೋಗಿರಲಿಲ್ಲ.

ಚಿಕ್ಕಮ್ಮ: ಹಾಗಿದ್ದರೆ ಬೆಲೆ ಏರಿದ್ದರಿಂದ ಕಂಪನಿಗೆ ಏನೂ ಉಪಯೋಗವಿಲ್ಲವೇ?

ನಾನು: ಇದೆ. ಏರಿದ ಷೇರನ್ನೇ ಅದು ಹಣದಂತೆ ಬಳಸಬಹುದು. ನಾವು ಮಾತನಾಡುತ್ತಿರುವ ಈ ವಾಟ್ಸಾಪನ್ನೇ ನೋಡಿ. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಇದನ್ನು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿದಾಗ ಅದರಲ್ಲಿ ನಗದು 400 ಕೋಟಿ ಮಾತ್ರ, ಉಳಿದದ್ದೆಲ್ಲ ಫೇಸ್‌ಬುಕ್‌ನ ಷೇರುಗಳು. ಅಕ್ಟೋಬರಿನಲ್ಲಿ ವ್ಯವಹಾರ ಮುಗಿಯುವ ಹೊತ್ತಿಗೆ ಆ ಷೇರುಗಳ ಬೆಲೆ ಏರಿ ಒಟ್ಟು ಮೊತ್ತ ಸುಮಾರು 2,200 ಕೋಟಿಯಾಗಿತ್ತು. ಫೆಬ್ರವರಿಯ ಘೋಷಣೆಯ ಹೊತ್ತಿಗೆ ವಾಟ್ಸಾಪ್ ಬಳಸುತ್ತಿದ್ದವರು 45 ಕೋಟಿ ಜನ. ಇದರ ಶುಲ್ಕ ವರ್ಷಕ್ಕೆ ಒಂದು ಡಾಲರ್ ಇತ್ತು, 2016ರಲ್ಲಿ ಅದನ್ನೂ ತೆಗೆದರು.

ಭಾವ: ಚಿಕ್ಕಮ್ಮ, ಉಳಿತಾಯದ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ನನ್ನ 2013ರ ತಪ್ಪನ್ನು ಒಪ್ಪಿಕೊಂಡೇ ಹೇಳುತ್ತೇನೆ. 2000ದ ಮಾರ್ಚಿನಲ್ಲಿ ಜಗತ್ತಿನ ಅತ್ಯಂತ ಬೆಲೆಯುಳ್ಳ ಕಂಪನಿ, ಕಂಪ್ಯೂಟರ್ ಜಾಲದ ಉಪಕರಣ ಮಾರುವ ಸಿಸ್ಕೊ ಆಗಿತ್ತು. ಇಂಟರ್ನೆಟ್ ಬೆಳೆದಂತೆ ಎಲ್ಲರಿಗೂ ಅದರ ಉಪಕರಣ ಬೇಕಾಗುತ್ತದೆ ಎಂಬ ವಾದ ಆಗಿತ್ತು, ಇಂಟರ್ನೆಟ್ ಬೆಳೆಯಿತು ಕೂಡ. ಆದರೂ 2002ರ ಹೊತ್ತಿಗೆ ಆ ಷೇರು ಶೇಕಡಾ 80ಕ್ಕೂ ಹೆಚ್ಚು ಬಿದ್ದಿತ್ತು. ಎನ್‌ವಿಡಿಯಾಕ್ಕೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದರ ಲಾಭ ನಿಜವಾದದ್ದು, 2025ರ ಜನವರಿಗೆ ಮುಗಿದ ವರ್ಷದಲ್ಲಿ 7,290 ಕೋಟಿ ಡಾಲರ್. ಆದರೆ ಅದರ ವಾರ್ಷಿಕ ವರದಿಯ ಪ್ರಕಾರ ನೇರವಾಗಿ ಕೊಳ್ಳುವ ಮೂವರು ಗ್ರಾಹಕರಿಂದಲೇ ಆದಾಯದ ಮೂರನೇ ಒಂದರಷ್ಟು ಬಂದಿದೆ. ಕಂಪನಿ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ, ಇವತ್ತು ಕೇಳುತ್ತಿರುವ ಬೆಲೆಗೆ ಅದು ತಕ್ಕದ್ದೇ ಎಂಬುದು ಇನ್ನೊಂದು. 2013ರಲ್ಲಿ ನಾನು ಮೊದಲನೆಯದನ್ನೂ ಸರಿಯಾಗಿ ನೋಡಲಿಲ್ಲ.

ಅಕ್ಕ: ಹನ್ನೆರಡು ವರ್ಷಗಳಲ್ಲಿ ಇವರು ಇದನ್ನು ಬರೆದು ಒಪ್ಪಿಕೊಂಡದ್ದು ಇದೇ ಮೊದಲು. ಈ ಸಂದೇಶವನ್ನು ನಾನು ಅಳಿಸದೆ ಇಟ್ಟುಕೊಳ್ಳುತ್ತೇನೆ.

ಚಿಕ್ಕಮ್ಮ: ನನ್ನ ಹಣ ಸದ್ಯಕ್ಕೆ ಇದ್ದಲ್ಲೇ ಇರಲಿ. ಅಳಿಯಂದಿರೇ, ಆ ಮೂವರು ಗ್ರಾಹಕರ ಮಾತಿರುವ ಪುಟವನ್ನು ನನಗೆ ಕಳುಹಿಸಿ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುತ್ತೇನೆ. ಇನ್ನೊಂದು ಸಂಶಯವಿದೆ ಪುಟ್ಟಿ. ನಾವು ಯಾರೂ ವಾಟ್ಸಾಪಿಗೆ ಈಗ ಏನೂ ಕೊಡುವುದಿಲ್ಲವಲ್ಲ, ಹಾಗಾದರೆ ಇದಕ್ಕೆ ಹಣ ಕೊಡುತ್ತಿರುವವರು ಯಾರು?

ನಾನು: ನಮಗೆ ಇಲ್ಲಿಯೇ ಸಂದೇಶ ಕಳುಹಿಸುವ ವ್ಯಾಪಾರ ಸಂಸ್ಥೆಗಳು ಕೊಡುತ್ತವೆ ಚಿಕ್ಕಮ್ಮ. 2025ರ ಜೂನಿನಲ್ಲಿ ‘ಅಪ್‌ಡೇಟ್ಸ್’ ವಿಭಾಗದಲ್ಲಿ ಜಾಹೀರಾತು ತರುವುದಾಗಿಯೂ ಘೋಷಿಸಿದರು.

ದೊಡ್ಡಪ್ಪ: ಜಾಹೀರಾತು ಇಲ್ಲಿಗೂ ಬಂದಿತೇ? ಮಗಳೇ, ಇದರ ಮೂಲವನ್ನು ಕಳುಹಿಸು.